ಮಹಾವೀರರನ್ನು ಕಟ್ಟಿಹಾಕಿದ ಕರಾರುಪತ್ರ

1981ರಲ್ಲಿ ತೆರೆಕಂಡ ಜೇಮ್ಸ್ ಬಾಂಡ್ ಚಿತ್ರ ‘ಫಾರ್ ಯುವರ್ ಐಸ್ ಓನ್ಲಿ’ಯ ಆರಂಭದಲ್ಲಿ ಒಂದು ವಿಚಿತ್ರ ದೃಶ್ಯವಿದೆ. ಗಾಲಿಕುರ್ಚಿಯಲ್ಲಿ ಕುಳಿತ ಬೋಳುತಲೆಯ ವ್ಯಕ್ತಿಯೊಬ್ಬ. ಜತೆಗೊಂದು ಬಿಳಿ ಬೆಕ್ಕು. ಬಾಂಡ್ ಹತ್ತಿರುವ ಹೆಲಿಕಾಪ್ಟರನ್ನು ಆತ ಕುಳಿತಲ್ಲಿಂದಲೇ ರಿಮೋಟಿನಿಂದ ಕುಣಿಸುತ್ತಾನೆ. ಕೊನೆಗೆ ಬಾಂಡ್ ಹೆಲಿಕಾಪ್ಟರನ್ನು ಹತೋಟಿಗೆ ತಂದುಕೊಂಡು, ಆತನನ್ನು ಗಾಲಿಕುರ್ಚಿ ಸಮೇತ ಎತ್ತಿ ಕಾರ್ಖಾನೆಯ ದೈತ್ಯ ಚಿಮಣಿಯೊಳಕ್ಕೆ ಬೀಳಿಸುತ್ತಾನೆ. ಅಲ್ಲಿಗೆ ಆತನ ಕಥೆ ಮುಗಿಯಿತು. ಮುಂದಿನ ಎರಡು ಗಂಟೆಯ ಚಿತ್ರಕ್ಕೂ ಆತನಿಗೂ ಯಾವ ಸಂಬಂಧವೂ ಇಲ್ಲ.

ಯಾರೀತ? ಮುಖ ಸರಿಯಾಗಿ ಕಾಣುವುದಿಲ್ಲ. ಹೆಸರನ್ನಂತೂ ಯಾರೂ ಉಚ್ಚರಿಸುವುದಿಲ್ಲ. ಆದರೂ ಬಾಂಡ್ ಚಿತ್ರಗಳನ್ನು ಬಲ್ಲವರಿಗೆ ಆ ಬೆಕ್ಕನ್ನು ಕಂಡೊಡನೆ ಗುರುತು ಸಿಗುತ್ತದೆ: ಆತ ಬ್ಲೊಫೆಲ್ಡ್, ‘ಸ್ಪೆಕ್ಟರ್’ ಎಂಬ ಪಾತಕ ಸಂಸ್ಥೆಯ ಮುಖ್ಯಸ್ಥ, ಬಾಂಡ್‌ನ ಹಳೆಯ ವೈರಿ. ಗುರುತು ಎಲ್ಲರಿಗೂ ಗೊತ್ತಿದ್ದು ಹೆಸರು ಮಾತ್ರ ಹೇಳದಿರಲು ಕಾರಣ ಚಿತ್ರಕಥೆಯಲ್ಲಿಲ್ಲ, ನ್ಯಾಯಾಲಯದ ಕಡತದಲ್ಲಿದೆ. ಆ ಹೆಸರನ್ನು ಬಳಸುವ ಹಕ್ಕು ತನ್ನದೆಂದು ಬೇರೊಬ್ಬ ನಿರ್ಮಾಪಕ ಪಟ್ಟುಹಿಡಿದು ಕೂತಿದ್ದ.

ಹಾಲಿವುಡ್‌ನ ಅತಿಮಾನುಷ ವೀರರ ಮತ್ತು ಗೂಢಚಾರರ ಚಿತ್ರಗಳನ್ನು ಬೆಂಗಳೂರಿನಿಂದ ಬೀದರಿನವರೆಗೆ ಇಂದು ಮುಗಿಬಿದ್ದು ನೋಡುವವರಿದ್ದಾರೆ. ಈ ಲೇಖಕನೂ ಅವರಲ್ಲೊಬ್ಬ. ಯಾವ ವೀರ ಯಾರಿಗಿಂತ ಬಲಶಾಲಿ, ಯಾವ ನಟ ನಿಜವಾದ ಬಾಂಡ್ ಎಂಬ ವಾದ ಅಭಿಮಾನಿಗಳ ನಡುವೆ ಮುಗಿಯುವುದೇ ಇಲ್ಲ. ಆದರೆ ಈ ಚಿತ್ರಗಳ ಇತಿಹಾಸವನ್ನು ಕೆದಕುತ್ತ ಹೋದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಯಾವ ಬೀಗಕ್ಕೂ ಬಗ್ಗದ ಈ ವೀರರು ಯಾರ ಸ್ವತ್ತು? ಅವರು ಯಾವಾಗ ಬರಬೇಕು, ಯಾರ ಜತೆ ಬರಬೇಕು, ಯಾವ ಹೆಸರಿನಲ್ಲಿ ಬರಬೇಕು ಎಂಬುದನ್ನು ಅನೇಕ ವೇಳೆ ತೀರ್ಮಾನಿಸಿದ್ದು ಕಥೆಗಾರನ ಲೇಖನಿಯಲ್ಲ, ವಕೀಲರ ಕರಾರುಪತ್ರ.

ಪುಟಕ್ಕೆ ಹತ್ತು ಡಾಲರ್

ಈ ಕಥೆ ಆರಂಭವಾಗುವುದು ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ 1914ರಲ್ಲಿ ಹುಟ್ಟಿದವರು. ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. ಸೀಗಲ್ ಕಥೆ ಬರೆಯುತ್ತಿದ್ದ, ಶುಸ್ಟರ್ ಚಿತ್ರ ಬಿಡಿಸುತ್ತಿದ್ದ. ಬೇರೆ ಗ್ರಹದಿಂದ ಬಂದ, ಅಪಾರ ಬಲದ, ಆದರೆ ಪತ್ರಿಕಾ ಕಚೇರಿಯಲ್ಲಿ ಸಾಧಾರಣ ವರದಿಗಾರನಾಗಿ ದುಡಿಯುವ ವೀರನೊಬ್ಬನನ್ನು ಅವರು ಕಲ್ಪಿಸಿಕೊಂಡರು. ವರ್ಷಗಟ್ಟಲೆ ಅಲೆದರೂ ಅದನ್ನು ಅಚ್ಚು ಹಾಕುವವರು ಸಿಗಲಿಲ್ಲ.

ಕೊನೆಗೆ 1938ರ ಮಾರ್ಚ್‌ನಲ್ಲಿ ಪ್ರಕಾಶನ ಸಂಸ್ಥೆಯೊಂದು 13 ಪುಟಗಳ ಆ ಕಥೆಯನ್ನು ಕೊಂಡಿತು. ದರ ಪುಟಕ್ಕೆ 10 ಡಾಲರ್. ಒಟ್ಟು 130 ಡಾಲರ್. ಚೆಕ್ಕಿನೊಂದಿಗೆ ಬಂದ ಕಾಗದಕ್ಕೆ ಇಬ್ಬರೂ ಸಹಿ ಹಾಕಿದರು. ಆ ಸಹಿಯೊಂದಿಗೆ ಸೂಪರ್‌ಮ್ಯಾನ್ ಶಾಶ್ವತವಾಗಿ ಪ್ರಕಾಶಕರ ಪಾಲಾದ. 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಆತ ಕಾಣಿಸಿಕೊಂಡ. ಬೆಲೆ 10 ಸೆಂಟ್. ನಂತರದ್ದು ಎಲ್ಲರಿಗೂ ತಿಳಿದ ಸಂಗತಿ: ರೇಡಿಯೊ, ದೂರದರ್ಶನ, ಆಟಿಕೆ, ಸಿನಿಮಾ ಎಲ್ಲದರಲ್ಲೂ ಸೂಪರ್‌ಮ್ಯಾನ್ ಹಣದ ಹೊಳೆ ಹರಿಸಿದ.

ಸೃಷ್ಟಿಕರ್ತರ ಪಾಡು ಬೇರೆಯೇ ಆಯಿತು. 1947ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. ಸ್ವಲ್ಪ ಹಣಕ್ಕೆ ರಾಜಿಯಾಯಿತು, ಇದ್ದ ಕೆಲಸ ಹೋಯಿತು. ಅವರ ಹೆಸರು ಕೂಡ ಪುಟಗಳಿಂದ ಮಾಯವಾಯಿತು. 1970ರ ದಶಕದ ಹೊತ್ತಿಗೆ ಸೀಗಲ್ ಗುಮಾಸ್ತನಾಗಿ ದುಡಿಯುತ್ತಿದ್ದ, ಶುಸ್ಟರ್‌ಗೆ ಕಣ್ಣು ಬಹುತೇಕ ಹೋಗಿತ್ತು. ಆಗಲೇ ಸೂಪರ್‌ಮ್ಯಾನ್ ಕುರಿತ ಅದ್ದೂರಿ ಚಿತ್ರದ ಸಿದ್ಧತೆ ನಡೆದಿತ್ತು. ಸೀಗಲ್ ಪತ್ರಿಕೆಗಳಿಗೆ ಬರೆದ, ವ್ಯಂಗ್ಯಚಿತ್ರಕಾರರು ಬೆಂಬಲಕ್ಕೆ ನಿಂತರು, ಸುದ್ದಿ ದೊಡ್ಡದಾಯಿತು. 1975ರ ಡಿಸೆಂಬರಿನಲ್ಲಿ ವಾರ್ನರ್ ಸಂಸ್ಥೆ ಇಬ್ಬರಿಗೂ ವರ್ಷಕ್ಕೆ ತಲಾ 20 ಸಾವಿರ ಡಾಲರ್ ಕೊಡಲು ಒಪ್ಪಿತು. ಸೃಷ್ಟಿಕರ್ತರೆಂದು ಅವರ ಹೆಸರನ್ನು ಮತ್ತೆ ಹಾಕಲೂ ಒಪ್ಪಿತು.

1978ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಸೂಪರ್‌ಮ್ಯಾನ್‌ನ ತಂದೆಯಾಗಿ ಕೆಲವೇ ನಿಮಿಷ ಬಂದುಹೋಗುವ ಮರ್ಲಾನ್ ಬ್ರಾಂಡೊಗೆ ಕೊಟ್ಟ ಸಂಭಾವನೆ 37 ಲಕ್ಷ ಡಾಲರ್! ತೆರೆಯ ಮೇಲಿನ ತಂದೆಗೂ ನಿಜವಾಗಿ ಹೆತ್ತವರಿಗೂ ಇದ್ದ ಅಂತರ ಇಷ್ಟು. ಇನ್ನೂ ದೊಡ್ಡ ವಿಪರ್ಯಾಸವೊಂದಿದೆ. ಈ 130 ಡಾಲರನ್ನೂ ಸೇರಿಸಿ ಪ್ರಕಾಶಕರು 1938ರಲ್ಲಿ ಕೊಟ್ಟ 412 ಡಾಲರಿನ ಚೆಕ್ಕು 2012ರಲ್ಲಿ ಹರಾಜಿಗೆ ಬಂದಾಗ, ಆ ಕಾಗದದ ಚೂರು 1 ಲಕ್ಷ 60 ಸಾವಿರ ಡಾಲರಿಗೆ ಮಾರಾಟವಾಯಿತು. ಅಷ್ಟರಲ್ಲಿ ಶುಸ್ಟರ್ (1992) ಮತ್ತು ಸೀಗಲ್ (1996) ಇಬ್ಬರೂ ತೀರಿಕೊಂಡಿದ್ದರು.

ಬ್ಯಾಟ್‌ಮ್ಯಾನ್ ಕಥೆಯೂ ಇದಕ್ಕಿಂತ ಬಹಳ ಭಿನ್ನವಲ್ಲ. 1939ರಲ್ಲಿ ಹುಟ್ಟಿದ ಆ ವೀರನ ಸೃಷ್ಟಿಕರ್ತ ಬಾಬ್ ಕೇನ್ ಒಬ್ಬನೇ ಎಂದು ದಶಕಗಳ ಕಾಲ ಅಚ್ಚಾಯಿತು. ಜತೆಗೂಡಿ ಪಾತ್ರ ರೂಪಿಸಿದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡ. ಆತನ ಹೆಸರಿಗೆ ಅಧಿಕೃತ ಮನ್ನಣೆ ಸಿಕ್ಕಿದ್ದು 2015ರಲ್ಲಿ, ಸತ್ತು 41 ವರ್ಷಗಳ ನಂತರ.

ಬಾಂಡ್‌ಗೆ ಇಬ್ಬರು ಒಡೆಯರು

ಗೂಢಚಾರ 007ನ ಜಾತಕವೂ ಜಗಳದಿಂದ ಮುಕ್ತವಲ್ಲ. ಇಯಾನ್ ಫ್ಲೆಮಿಂಗ್ ಬರೆದ ಮೊದಲ ಬಾಂಡ್ ಕಾದಂಬರಿ ‘ಕೆಸಿನೊ ರಾಯಲ್’ ಪ್ರಕಟವಾದದ್ದು 1953ರಲ್ಲಿ. ಮರುವರ್ಷವೇ ಅದನ್ನು ಅಮೆರಿಕದ ದೂರದರ್ಶನ ಸಂಸ್ಥೆಗೆ 1 ಸಾವಿರ ಡಾಲರಿಗೆ ಕೊಟ್ಟ ಫ್ಲೆಮಿಂಗ್, 1955ರಲ್ಲಿ ಅದರ ಸಿನಿಮಾ ಹಕ್ಕನ್ನು 6 ಸಾವಿರ ಡಾಲರಿಗೆ ಮಾರಿದ. ಹೀಗಾಗಿ 1961ರಲ್ಲಿ ಹ್ಯಾರಿ ಸಾಲ್ಟ್ಸ್‌ಮನ್ ಬಾಂಡ್ ಕಾದಂಬರಿಗಳ ಹಕ್ಕು ಪಡೆದು ಆಲ್ಬರ್ಟ್ ಬ್ರೊಕೊಲಿಯೊಡನೆ ಸೇರಿ ಚಿತ್ರ ನಿರ್ಮಾಣಕ್ಕೆ ಇಳಿದಾಗ, ಮೊದಲ ಕಾದಂಬರಿಯೇ ಅವರ ಕೈಯಲ್ಲಿರಲಿಲ್ಲ. ಅವರು ಆರಿಸಿಕೊಂಡದ್ದು ‘ಡಾಕ್ಟರ್ ನೋ’. 1962ರ ಅಕ್ಟೋಬರಿನಲ್ಲಿ ಅದು ಲಂಡನ್ನಿನಲ್ಲಿ ಬಿಡುಗಡೆಯಾಯಿತು. ಶಾನ್ ಕಾನರಿ ರಾತ್ರಿ ಬೆಳಗಾಗುವುದರೊಳಗೆ ತಾರೆಯಾದ.

ಆದರೆ ಅದಕ್ಕೂ ಮುಂಚೆ ಫ್ಲೆಮಿಂಗ್ ಒಂದು ಎಡವಟ್ಟು ಮಾಡಿದ್ದ. ಕೆವಿನ್ ಮೆಕ್ಲೋರಿ ಎಂಬ ಐರಿಷ್ ನಿರ್ಮಾಪಕ ಮತ್ತು ಜ್ಯಾಕ್ ವಿಟಿಂಗ್‌ಹ್ಯಾಮ್ ಎಂಬ ಲೇಖಕನ ಜತೆ ಸೇರಿ ಆತ ಬಾಂಡ್ ಚಿತ್ರಕಥೆಯೊಂದನ್ನು ಬೆಳೆಸಿದ. ಚಿತ್ರ ಆಗಲಿಲ್ಲ. ಅದೇ ಕಥೆಯನ್ನು ಫ್ಲೆಮಿಂಗ್ ‘ಥಂಡರ್‌ಬಾಲ್’ ಎಂಬ ಕಾದಂಬರಿಯಾಗಿಸಿ 1961ರಲ್ಲಿ ತನ್ನೊಬ್ಬನ ಹೆಸರಿನಲ್ಲೇ ಪ್ರಕಟಿಸಿದ. ಮೆಕ್ಲೋರಿ ಮೊಕದ್ದಮೆ ಹೂಡಿದ. 1963ರ ನವೆಂಬರಿನಲ್ಲಿ ರಾಜಿಯಾಗಿ ‘ಥಂಡರ್‌ಬಾಲ್’ನ ಸಿನಿಮಾ ಹಕ್ಕು ಮೆಕ್ಲೋರಿಗೆ ಸೇರಿತು. ಹೃದ್ರೋಗಿಯಾಗಿದ್ದ ಫ್ಲೆಮಿಂಗ್ 1964ರ ಆಗಸ್ಟಿನಲ್ಲಿ ತೀರಿಕೊಂಡ.

ಬ್ಲೊಫೆಲ್ಡ್ ಮತ್ತು ಆತನ ‘ಸ್ಪೆಕ್ಟರ್’ ಸಂಸ್ಥೆ ಕಾದಂಬರಿಯಲ್ಲಿ ಮೊದಲು ಕಾಣಿಸಿಕೊಂಡದ್ದು ಇದೇ ‘ಥಂಡರ್‌ಬಾಲ್’ನಲ್ಲಿ. 1965ರಲ್ಲಿ ಎರಡೂ ಕಡೆಯವರು ಕೈಜೋಡಿಸಿ ಅದನ್ನು ಚಿತ್ರವಾಗಿಸಿದರು. ಮುಂದಿನ ಹತ್ತು ವರ್ಷ ಇನ್ನೊಂದು ಚಿತ್ರ ಮಾಡುವುದಿಲ್ಲವೆಂದು ಮೆಕ್ಲೋರಿ ಒಪ್ಪಿದ್ದ. ಹತ್ತು ವರ್ಷ ಕಳೆದೊಡನೆ ಆತ ಮತ್ತೆ ಎದ್ದುನಿಂತ. ಅಲ್ಲಿಂದಾಚೆಗೆ ಬ್ರೊಕೊಲಿಯ ಚಿತ್ರಗಳಿಂದ ‘ಸ್ಪೆಕ್ಟರ್’ ಹೆಸರು ಕಾಣೆಯಾಯಿತು. ಚಿಮಣಿಯೊಳಗೆ ಬಿದ್ದವನಿಗೆ ಹೆಸರಿಲ್ಲದ್ದು ಇದೇ ಕಾರಣಕ್ಕೆ. ಬಾಂಡ್ ಬದುಕಲು ಬ್ಲೊಫೆಲ್ಡ್ ಬೇಕೇ ಬೇಕೆಂದೇನಿಲ್ಲ ಎಂದು ಬ್ರೊಕೊಲಿ ಎದುರಾಳಿಗೆ ಕಳಿಸಿದ ಸಂದೇಶ ಅದೆಂದು ಅನೇಕರು ಅರ್ಥೈಸಿದ್ದಾರೆ.

ಪರಿಣಾಮವಾಗಿ 1983ರಲ್ಲಿ ಪ್ರೇಕ್ಷಕರು ಇಬ್ಬರು ಬಾಂಡ್‌ಗಳನ್ನು ನೋಡುವಂತಾಯಿತು. ಉದಯಪುರದಲ್ಲಿ ಚಿತ್ರೀಕರಣಗೊಂಡು ನಮ್ಮ ಟೆನಿಸ್ ತಾರೆ ವಿಜಯ್ ಅಮೃತರಾಜ್ ಕೂಡ ನಟಿಸಿದ ‘ಆಕ್ಟೊಪಸಿ’ಯಲ್ಲಿ ರೋಜರ್ ಮೂರ್, ಮೆಕ್ಲೋರಿಯ ಹಕ್ಕಿನ ಬಲದಿಂದ ಬಂದ ‘ನೆವರ್ ಸೇ ನೆವರ್ ಅಗೇನ್’ನಲ್ಲಿ ಶಾನ್ ಕಾನರಿ. ಎರಡನೆಯದು ‘ಥಂಡರ್‌ಬಾಲ್’ ಕಥೆಯದೇ ಮರುಚಿತ್ರಣ. ಬೇರೆ ಕಥೆ ತೆಗೆಯಲು ಆ ಹಕ್ಕಿನಲ್ಲಿ ಅವಕಾಶವಿರಲಿಲ್ಲ! ಮೆಕ್ಲೋರಿ 2006ರಲ್ಲಿ ತೀರಿಕೊಂಡ. 2013ರಲ್ಲಿ ಆತನ ವಾರಸುದಾರರಿಂದ ಹಕ್ಕುಗಳನ್ನು ಕೊಂಡ ಮೇಲಷ್ಟೇ ಬ್ಲೊಫೆಲ್ಡ್ ತನ್ನ ಹೆಸರಿನೊಡನೆ ಮರಳಿದ. 2015ರ ಆ ಚಿತ್ರದ ಹೆಸರೇ ‘ಸ್ಪೆಕ್ಟರ್’. ವಿಮರ್ಶಕರು ಅದನ್ನು ಕಥೆಯ ತಿರುವು ಎಂದು ಚರ್ಚಿಸಿದರು. ನಿಜದಲ್ಲಿ ಅದು ಅರ್ಧ ಶತಮಾನದ ವ್ಯಾಜ್ಯದ ಮುಕ್ತಾಯ.

ಗೂಢಚಾರನಿಗೆ ಬದಲು ಜೇಡ

‘ಡಾಕ್ಟರ್ ನೋ’ ಬಂದ 1962ರಲ್ಲೇ ಇನ್ನೊಬ್ಬ ವೀರ ಹುಟ್ಟಿದ್ದ: ಮಾರ್ವೆಲ್ ಸಂಸ್ಥೆಗಾಗಿ ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ರೂಪಿಸಿದ ಸ್ಪೈಡರ್‌ಮ್ಯಾನ್. 1985ರಲ್ಲಿ ಮಾರ್ವೆಲ್ ಆತನ ಸಿನಿಮಾ ಹಕ್ಕನ್ನು ಅಗ್ಗಕ್ಕೆ ಬಿಟ್ಟುಕೊಟ್ಟಿತು. ಆ ಹಕ್ಕು ಒಂದು ಕಂಪನಿಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತ, ಕೊಂಡ ಕಂಪನಿಗಳೇ ಒಂದೊಂದಾಗಿ ಮುಳುಗುತ್ತ, ಒಂದೂ ಚಿತ್ರ ಬರದೆ ಹದಿನೈದು ವರ್ಷ ಕಳೆಯಿತು. ಮುಳುಗಿದ ಕಂಪನಿಗಳ ಆಸ್ತಿ ಕೊಂಡಿದ್ದ ಎಂಜಿಎಂ, ‘ಸ್ಪೈಡರ್‌ಮ್ಯಾನ್ ನನ್ನವನು’ ಎಂದಿತು. ಇತ್ತ ಸೋನಿ ಸಂಸ್ಥೆಯ ಕೈಯಲ್ಲಿ ಹಳೆಯ ‘ಕೆಸಿನೊ ರಾಯಲ್’ ಹಕ್ಕಿತ್ತು. ಅದು ಮೆಕ್ಲೋರಿಯನ್ನೂ ಸೇರಿಸಿಕೊಂಡು ತನ್ನದೇ ಬಾಂಡ್ ಚಿತ್ರಗಳನ್ನು ತೆಗೆಯುವುದಾಗಿ 1997ರಲ್ಲಿ ಘೋಷಿಸಿತು.

1999ರ ಮಾರ್ಚ್‌ನಲ್ಲಿ ಎರಡೂ ಸಂಸ್ಥೆಗಳು ರಾಜಿ ಮಾಡಿಕೊಂಡವು. ಸೋನಿ ಬಾಂಡ್‌ನನ್ನು ಬಿಟ್ಟಿತು. ಎಂಜಿಎಂ ಸ್ಪೈಡರ್‌ಮ್ಯಾನ್ ಮೇಲಿನ ಹಕ್ಕುದಾರಿಕೆ ಬಿಟ್ಟಿತು. ಸಂತೆಯಲ್ಲಿ ಎತ್ತು ಕೊಟ್ಟು ಎಮ್ಮೆ ಪಡೆದಂತೆ! ಈ ವಿನಿಮಯದ ಫಲವಾಗಿಯೇ 2002ರಲ್ಲಿ ಟೋಬಿ ಮಗ್ವಾಯರ್ ಅಭಿನಯದ ‘ಸ್ಪೈಡರ್‌ಮ್ಯಾನ್’, 2006ರಲ್ಲಿ ಡೇನಿಯಲ್ ಕ್ರೇಗ್ ಅಭಿನಯದ ‘ಕೆಸಿನೊ ರಾಯಲ್’ ಬಂದವು. ಈ ಎರಡು ಚಿತ್ರಗಳಿಲ್ಲದ ಇಂದಿನ ಹಾಲಿವುಡ್ ಅನ್ನು ಊಹಿಸುವುದೇ ಕಷ್ಟ.

ಅಡವಿಟ್ಟ ವೀರರು

ಹೆಂಡತಿಯ ಒಡವೆ ಅಡವಿಟ್ಟು ಸಿನಿಮಾ ತೆಗೆದ ನಿರ್ಮಾಪಕರ ಕಥೆಗಳು ನಮ್ಮ ಗಾಂಧಿನಗರಕ್ಕೆ ಹೊಸದಲ್ಲ. ಮಾರ್ವೆಲ್ ಸಂಸ್ಥೆ ಅಡವಿಟ್ಟದ್ದು ತನ್ನ ವೀರರನ್ನೇ.

1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಸಲ್ಲಿಸಿತ್ತು. ಹೆಸರುವಾಸಿ ಪಾತ್ರಗಳೆಲ್ಲ ಪರರ ಪಾಲಾಗಿದ್ದವು: ಸ್ಪೈಡರ್‌ಮ್ಯಾನ್ ಸೋನಿಯ ಬಳಿ, ಎಕ್ಸ್-ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ ಚಿತ್ರಗಳು ಫಾಕ್ಸ್ ಬಳಿ. ಆ ಚಿತ್ರಗಳು ಬಾಚಿದ ಹಣದಲ್ಲಿ ಮಾರ್ವೆಲ್‌ಗೆ ಸಿಕ್ಕಿದ್ದು ಅಲ್ಪ. ಕೊನೆಗೆ 2005ರಲ್ಲಿ ಅದು ಸ್ವತಃ ಚಿತ್ರ ತೆಗೆಯಲು ನಿರ್ಧರಿಸಿ, ಕ್ಯಾಪ್ಟನ್ ಅಮೆರಿಕ ಸೇರಿದಂತೆ ಹತ್ತು ಪಾತ್ರಗಳ ಸಿನಿಮಾ ಹಕ್ಕನ್ನು ಒತ್ತೆಯಿಟ್ಟು 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡಿತು. ಚಿತ್ರಗಳು ಸೋತರೆ ಆ ಹಕ್ಕುಗಳು ಸಾಲ ಕೊಟ್ಟವರ ಪಾಲು!

ಉಳಿದಿದ್ದ ಎರಡನೆಯ ಸಾಲಿನ ವೀರರಲ್ಲಿ ಒಬ್ಬ ಐರನ್‌ಮ್ಯಾನ್. 2008ರ ಮೇ ತಿಂಗಳಲ್ಲಿ ರಾಬರ್ಟ್ ಡೌನಿ ಜೂನಿಯರ್ ಅಭಿನಯದ ಆ ಚಿತ್ರ ತೆರೆಕಂಡಿತು. ಜಗತ್ತಿನಾದ್ಯಂತ ಗಳಿಸಿದ್ದು 58 ಕೋಟಿ ಡಾಲರಿಗೂ ಹೆಚ್ಚು. 2009ರಲ್ಲಿ ಡಿಸ್ನಿ ಸಂಸ್ಥೆ 400 ಕೋಟಿ ಡಾಲರಿಗೆ ಮಾರ್ವೆಲ್‌ಅನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಹತ್ತು ವರ್ಷದಲ್ಲಿ, 2019ರ ‘ಅವೆಂಜರ್ಸ್: ಎಂಡ್‌ಗೇಮ್’ ಒಂದೇ ಸುಮಾರು 280 ಕೋಟಿ ಡಾಲರ್ ಗಳಿಸಿತು. ಎಲ್ಲ ವೀರರೂ ಒಂದೇ ಜಗತ್ತಿನವರು, ಒಬ್ಬನ ಚಿತ್ರಕ್ಕೆ ಇನ್ನೊಬ್ಬ ಬರುತ್ತಾನೆ ಎಂಬ ಜನಪ್ರಿಯ ತಂತ್ರ ಸಾಧ್ಯವಾದದ್ದು ಆ ವೀರರೆಲ್ಲ ಒಂದೇ ಒಡೆತನದಲ್ಲಿ ಇದ್ದುದರಿಂದ.

ಒಡೆತನ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿ ಕಥೆಯೂ ಕುಂಟುತ್ತಿತ್ತು. ಕ್ವಿಕ್‌ಸಿಲ್ವರ್ ಎಂಬ ಮಿಂಚಿನ ಓಟಗಾರ 2014ರಲ್ಲಿ ಫಾಕ್ಸ್ ಚಿತ್ರದಲ್ಲಿ, 2015ರಲ್ಲಿ ಮಾರ್ವೆಲ್ ಚಿತ್ರದಲ್ಲಿ, ಬೇರೆ ಬೇರೆ ನಟರ ರೂಪದಲ್ಲಿ ಬಂದ. ಮಾರ್ವೆಲ್ ಚಿತ್ರದಲ್ಲಿ ಆತನನ್ನು ಎಕ್ಸ್-ಮೆನ್ ಕುಲದವನೆಂದು ಹೇಳುವಂತಿರಲಿಲ್ಲ. ಬ್ಲೊಫೆಲ್ಡ್‌ನ ಸ್ಥಿತಿಯೇ ಮತ್ತೊಮ್ಮೆ! ಸ್ಪೈಡರ್‌ಮ್ಯಾನ್‌ನದು ಇನ್ನೊಂದು ಬಗೆ. ನಿಗದಿತ ಅವಧಿಯೊಳಗೆ ಹೊಸ ಚಿತ್ರ ತೆಗೆಯದಿದ್ದರೆ ಹಕ್ಕು ಮಾರ್ವೆಲ್‌ಗೆ ಮರಳುವುದರಿಂದ ಸೋನಿ ಆತನನ್ನು ಸುಮ್ಮನಿರಗೊಡುವಂತಿರಲಿಲ್ಲ. ಇಪ್ಪತ್ತು ವರ್ಷದೊಳಗೆ ಆತನಿಗೆ ಮೂವರು ನಟರು. 2021ರ ಡಿಸೆಂಬರಿನಲ್ಲಿ ಆ ಮೂವರೂ ಒಂದೇ ಚಿತ್ರದಲ್ಲಿ ಒಟ್ಟಾಗಿ ಕಾಣಿಸಿಕೊಂಡಾಗ ಚಿತ್ರಮಂದಿರಗಳಲ್ಲಿ ಶಿಳ್ಳೆ, ಕೇಕೆ ಮುಗಿಲು ಮುಟ್ಟಿತು. ನಾನೂ ಶಿಳ್ಳೆ ಹಾಕಿದವನೇ. ಆ ಸಂತೋಷ ಸುಳ್ಳಲ್ಲ. ಆದರೆ ಆ ದೃಶ್ಯ ಸಾಧ್ಯವಾಗಲು ಸೋನಿ ಮತ್ತು ಡಿಸ್ನಿ 2015ರಲ್ಲಿ ಒಂದಾಗಿ, 2019ರ ಆಗಸ್ಟಿನಲ್ಲಿ ಮುನಿಸಿಕೊಂಡು, ಸೆಪ್ಟೆಂಬರಿನಲ್ಲಿ ಮತ್ತೆ ರಾಜಿಯಾಗಬೇಕಾಯಿತು ಎಂಬುದೂ ಅಷ್ಟೇ ನಿಜ.

ಈ ಗದ್ದಲದಲ್ಲಿ ಮೂಲ ಕಲಾವಿದರಿಗೆ ದಕ್ಕಿದ್ದೆಷ್ಟು? ಕ್ಯಾಪ್ಟನ್ ಅಮೆರಿಕ, ಎಕ್ಸ್-ಮೆನ್, ಅವೆಂಜರ್ಸ್ ಮುಂತಾದ ಪಾತ್ರಗಳ ಸಹ-ಸೃಷ್ಟಿಕರ್ತ ಜ್ಯಾಕ್ ಕರ್ಬಿ 1994ರಲ್ಲಿ ತೀರಿಕೊಂಡ. ಪುಟಕ್ಕೆ ಇಷ್ಟೆಂದು ಕೂಲಿ ಪಡೆದು ಬಿಡಿಸಿದ್ದರಿಂದ ಹಕ್ಕು ಸಂಸ್ಥೆಯದೇ ಎಂದು ನ್ಯಾಯಾಲಯಗಳು ಹೇಳಿದವು. ವ್ಯಾಜ್ಯ ಸುಪ್ರೀಂ ಕೋರ್ಟ್ ಬಾಗಿಲಿಗೆ ಬಂದಾಗ, 2014ರಲ್ಲಿ, ಸಂಸ್ಥೆ ಆತನ ಮಕ್ಕಳೊಡನೆ ರಾಜಿ ಮಾಡಿಕೊಂಡಿತು.

ನಮ್ಮ 999

ಇಷ್ಟೆಲ್ಲ ಬೀಗಮುದ್ರೆಗಳ ನಡುವೆ ಒಂದು ಕಿಟಕಿ ಮಾತ್ರ ಸದಾ ತೆರೆದಿತ್ತು. ಕಾನೂನು ಪಾತ್ರಕ್ಕೆ, ಬರೆದ ಮಾತಿಗೆ ಬೇಲಿ ಹಾಕುತ್ತದೆ. ಬರೀ ಕಲ್ಪನೆಗೆ, ಕಥೆಯ ಅಚ್ಚಿಗೆ ಹಾಕುವುದಿಲ್ಲ. ಆ ಕಿಟಕಿಯಿಂದಲೇ ಗೂಢಚಾರ ಕನ್ನಡಕ್ಕೂ ಬಂದ. 1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಚಿತ್ರ ನಿರ್ದೇಶಿಸಿದಾಗ, ಅದುವರೆಗೆ ಪುರಾಣ, ಇತಿಹಾಸ, ಸಂಸಾರದ ಕಥೆಗಳಲ್ಲಿ ಮಿಂಚಿದ್ದ ರಾಜ್‌ಕುಮಾರ್ ಕೈಗೆ ಪಿಸ್ತೂಲು ಬಂತು. ಪಾತ್ರದ ಹೆಸರು ಸಿಐಡಿ 999. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. 007ನ ಅಂಕಿ ಬದಲಾಯಿತು, ನೆಲ ಬದಲಾಯಿತು, ನಾಯಕನ ಸ್ವಭಾವವೂ ನಮ್ಮದಾಯಿತು. ಯಾರ ಪಾತ್ರವನ್ನೂ ಕದ್ದಂತಾಗಲಿಲ್ಲ. ಕನ್ನಡ ಪ್ರೇಕ್ಷಕನಿಗೆ ತನ್ನದೇ ಗೂಢಚಾರ ಸಿಕ್ಕಿದ.

ಇದು ನಮ್ಮ ಪರಂಪರೆಗೆ ಅಪರಿಚಿತವೂ ಅಲ್ಲ. ಕ್ರಿ.ಶ. 941ರಲ್ಲಿ ಪಂಪ ಮಹಾಭಾರತವನ್ನು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಹೇಳಿದ. ಶತಮಾನಗಳ ನಂತರ ಕುಮಾರವ್ಯಾಸ ಅದನ್ನೇ ಕೃಷ್ಣಕಥೆಯಾಗಿಸಿದ. 1979ರಲ್ಲಿ ಎಸ್.ಎಲ್. ಭೈರಪ್ಪ ‘ಪರ್ವ’ದಲ್ಲಿ ಅದೇ ವೀರರಿಂದ ದೈವತ್ವ ಕಳಚಿ ಮನುಷ್ಯರನ್ನಾಗಿಸಿದರು. ಯಕ್ಷಗಾನದ ರಂಗಸ್ಥಳದಲ್ಲಿ ಇಂದಿಗೂ ಪ್ರತಿ ರಾತ್ರಿ ಅರ್ಥಧಾರಿ ಕರ್ಣನಿಗೆ ಹೊಸ ಮಾತು ಕೊಡುತ್ತಾನೆ. ವ್ಯಾಸರ ವಾರಸುದಾರರ ಅಪ್ಪಣೆ ಕೇಳಬೇಕಾಗಿದ್ದರೆ ಇವುಗಳಲ್ಲಿ ಎಷ್ಟು ಹುಟ್ಟುತ್ತಿದ್ದವು?

ಹಾಗೆಂದು ಹಕ್ಕುಸ್ವಾಮ್ಯವೇ ಬೇಡವೆನ್ನಲಾಗದು. ಪಂಪನಿಗೆ ಅರಸನ ಆಶ್ರಯವಿತ್ತು. ಇಂದಿನ ಬರಹಗಾರನಿಗೆ, ಚಿತ್ರಕಾರನಿಗೆ ಆ ಕಾನೂನೇ ಆಸರೆ. ಕೊರತೆಯಿರುವುದು ಅದು ಯಾರನ್ನು ಕಾಯಬೇಕಿತ್ತೋ ಅವರಿಂದ ಒಂದು ಸಹಿಯೊಡನೆ ಜಾರಿ, ಕೊಂಡವರ ಕೈಸೇರುವುದರಲ್ಲಿ. ಭಾರತದಲ್ಲಿ 2012ರ ತಿದ್ದುಪಡಿ ಈ ನಿಟ್ಟಿನಲ್ಲಿ ಒಂದು ಹೆಜ್ಜೆ. ಚಿತ್ರಗೀತೆ ಬರೆದವರೂ ಸಂಗೀತ ಕೊಟ್ಟವರೂ ತಮ್ಮ ಗೌರವಧನದ ಹಕ್ಕನ್ನು ನಿರ್ಮಾಪಕರಿಗೆ ಪೂರ್ತಿ ಬರೆದುಕೊಡುವಂತಿಲ್ಲ ಎಂದು ಅದು ಹೇಳಿತು. 1938ರ ಕ್ಲೀವ್‌ಲ್ಯಾಂಡಿನ ಇಬ್ಬರು ಯುವಕರಿಗೆ ಅಂಥದೊಂದು ಕಾನೂನು ಇದ್ದಿದ್ದರೆ?

ಬಿಡುಗಡೆಯ ದಿನ

ಯಾವ ಹಕ್ಕಿಗೂ ಅವಧಿಯುಂಟು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಕಥೆ ಅಮೆರಿಕದಲ್ಲಿ 95 ವರ್ಷ ಪೂರೈಸಿ 2034ರ ಜನವರಿ 1ರಂದು ಸಾರ್ವಜನಿಕರದಾಗುತ್ತದೆ. ಬ್ರಿಟನ್ನಿನಲ್ಲಿ ಲೇಖಕ ಸತ್ತು 70 ವರ್ಷ ಕಳೆಯಬೇಕಾದ್ದರಿಂದ ಫ್ಲೆಮಿಂಗ್‌ನ ಕಾದಂಬರಿಗಳು 2035ರವರೆಗೆ ಕಾಯಬೇಕು. ಭಾರತದಲ್ಲಿ ಈ ಅವಧಿ 60 ವರ್ಷ. ಅಂದರೆ ಫ್ಲೆಮಿಂಗ್ ಬದುಕಿದ್ದಾಗ ಪ್ರಕಟವಾದ ಬಾಂಡ್ ಕಾದಂಬರಿಗಳ ಹಕ್ಕುಸ್ವಾಮ್ಯ ನಮ್ಮಲ್ಲಿ 2024ರ ಕೊನೆಗೇ ಮುಗಿದಿದೆ. ಸಿನಿಮಾದ ಬಾಂಡ್, ಆತನ ಸಂಗೀತ, ವ್ಯಾಪಾರ ಮುದ್ರೆಗಳು ಬೇರೆ ಮಾತು. ಆದರೆ ‘ಕೆಸಿನೊ ರಾಯಲ್’ ಕಾದಂಬರಿಯನ್ನು ಕನ್ನಡಕ್ಕೆ ತರಬಯಸುವವರಿಗೆ ಆ ಪುಟಗಳ ಬಾಗಿಲು ತೆರೆದಿದೆ. ಇದೇ ಹೊತ್ತಿಗೆ ಸಿನಿಮಾದ ಬಾಂಡ್ ಮತ್ತೆ ಕೈ ಬದಲಾಯಿಸಿದ್ದಾನೆ: 2022ರಲ್ಲಿ ಎಂಜಿಎಂ ಕೊಂಡ ಅಮೆಜಾನ್, ಬ್ರೊಕೊಲಿ ಕುಟುಂಬದ ಕೈಯಲ್ಲಿ ಆರು ದಶಕ ಇದ್ದ ಸೃಜನಶೀಲ ಹತೋಟಿಯನ್ನೂ ಪಡೆಯುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅಭಿಮಾನಿಗಳಿಗೆ ಆತಂಕವಾದದ್ದು ಸಹಜ. ಆದರೆ ಅಭಿಮಾನಿಯ ಅಪ್ಪಣೆಯನ್ನು ಈ ಇತಿಹಾಸದಲ್ಲಿ ಯಾರೂ ಎಂದೂ ಕೇಳಿಲ್ಲ.

ಅಭಿಮಾನಿಯ ಕೈಯಲ್ಲಿರುವುದು ಬೇರೆ. ಸೀಗಲ್, ಶುಸ್ಟರ್ ಮತ್ತು ಫಿಂಗರ್ ಹೆಸರುಗಳು ತೆರೆಗೆ ಬಂದದ್ದು ಕೇವಲ ಕಂಪನಿಗಳ ಔದಾರ್ಯದಿಂದಲ್ಲ. ಓದುಗರು, ಸಹಕಲಾವಿದರು, ಪತ್ರಕರ್ತರು ಬಿಡದೆ ಕೇಳಿದ್ದರಿಂದ. ಮಾರ್ವೆಲ್ ಚಿತ್ರ ಮುಗಿದ ಮೇಲೆ ಬರುವ ಪುಟ್ಟ ದೃಶ್ಯಕ್ಕಾಗಿ ಪ್ರೇಕ್ಷಕರು ಎದ್ದುಹೋಗದೆ ಕಾದು ಕೂರುವುದು ಈಗ ವಾಡಿಕೆ. ಆ ಹತ್ತು ನಿಮಿಷ ತೆರೆಯ ಮೇಲೆ ಸಾವಿರಾರು ಹೆಸರುಗಳು ಸರಿಯುತ್ತವೆ. ‘ಮೂಲ ಪಾತ್ರ ಸೃಷ್ಟಿ’ ಎಂಬ ಅರ್ಥದ ಸಣ್ಣ ಸಾಲೊಂದು ಅವುಗಳ ನಡುವೆಯೇ ಹಾದುಹೋಗುತ್ತದೆ. ಹೇಗೂ ಕೂತಿರುತ್ತೇವೆ, ಮುಂದಿನ ಸಲ ಅದನ್ನೊಮ್ಮೆ ಓದಿದರೆ ಆಯಿತು.